ಮದುವೆ ಆದ ಮೇಲಿನ ಮೊದಲ ನತಾಲ್: ನಿಮ್ಮ ಪ್ರಶ್ನೆ, ಅಕ್ಕನ ಉತ್ತರ

ನವೆಂಬರ್ ಮುಗೀತಾ ಬಂತು ಅಂದ್ರೆ ಈ ಅಂಕಣಕ್ಕೆ ಬರೋ ಪತ್ರಗಳಲ್ಲಿ ಹೆಚ್ಚಿನವು ಹೊಸ ಜೋಡಿಗಳದ್ದೇ. ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರ ಆಗಮನ ಕಾಲ, ಆಗ ನಮ್ಮ ಕಡೆ ಕ್ಯಾಥೊಲಿಕ್ ಮನೆಗಳಲ್ಲಿ ಮದುವೆ ಇಟ್ಕೊಳ್ಳೋದು ಕಡಿಮೆ, ಹಾಗಾಗಿ ಅದಕ್ಕಿಂತ ಮೊದ್ಲೇ ರೋಸ್ (ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚೋ ಶಾಸ್ತ್ರ), ಮದುವೆ, ಪೊರ್ತೊಣೆಂ (ಮದುಮಗಳು ತವರಿಗೆ ಹೋಗಿ ಬರೋ ಶಾಸ್ತ್ರ) ಎಲ್ಲ ಮುಗಿಸಿ ಬಿಡ್ತಾರೆ. ಮದುಮಗಳ ಕೈಯಲ್ಲಿ ಚೂಡೊ ಬಳೆ ಇನ್ನೂ ಇರ್ತದೆ, ಗಂಡನ ಮನೇಲಿ ಸಕ್ಕರೆ ಡಬ್ಬ ಎಲ್ಲಿ ಇಡ್ತಾರೆ ಅಂತಲೂ ಸರಿಯಾಗಿ ಗೊತ್ತಾಗಿರೋದಿಲ್ಲ, ಅಷ್ಟರಲ್ಲಿ ನತಾಲ್, ಅಂದ್ರೆ ಕ್ರಿಸ್‌ಮಸ್, ಬಂದೇ ಬಿಡ್ತದೆ. ಈ ಸಲದ ಪತ್ರಗಳಲ್ಲಿ ಕೆಲವನ್ನ ಆರಿಸಿದ್ದೀನಿ, ಹೆಸರು ಯಾರದ್ದೂ ಹಾಕಿಲ್ಲ.

ಅಕ್ಕಾ, ನನ್ನ ಮದುವೆ ಆಗಿ ಇನ್ನೂ ತಿಂಗಳು ತುಂಬಿಲ್ಲ. ತವರು ಹೊನ್ನಾವರ, ಗಂಡನ ಮನೆ ಸದಾಶಿವಗಡ. ನಾನು ಒಬ್ಬಳೇ ಮಗಳು. 24ರ ರಾತ್ರಿ ಪೂಜೆಗೆ ನೀನು ನಮ್ಮ ಜೊತೆಗೇ ಇರ್ಬೇಕು ಅಂತ ಅಮ್ಮ ಈಗ್ಲೇ ಫೋನಲ್ಲಿ ಅಳ್ತಾರೆ. ಇಲ್ಲಿ ಅತ್ತೆ, ಸೊಸೆಯ ಮೊದಲ ನತಾಲ್ ನಮ್ಮನೇಲೇ ಅಂತ ವಾಡೆಯಲ್ಲೆಲ್ಲ (ನಮ್ಮ ಕೇರಿಯಲ್ಲೆಲ್ಲ) ಹೇಳಿ ಆಗಿದೆ. ಗಂಡನ್ನ ಕೇಳಿದ್ರೆ ನೀನೇ ಡಿಸೈಡ್ ಮಾಡು, ನಂಗೆ ಎರಡೂ ಓಕೆ ಅಂತಾರೆ. ನಾನು ಎಂತ ಮಾಡ್ಲಿ?
– ಹೊಸ ಸೊಸೆ, ಸದಾಶಿವಗಡ

ತಂಗೀ, ಮೊದಲು ನಿನ್ನ ಗಂಡನ ಮಾತಿನ ಬಗ್ಗೆ. ನೀನೇ ಡಿಸೈಡ್ ಮಾಡು ಅನ್ನೋದು ಕೇಳೋಕೆ ಒಳ್ಳೇದೇ, ಆದ್ರೆ ನೀನು ಹೊನ್ನಾವರ ಅಂದ್ರೆ ಅತ್ತೆ ಬೇಜಾರು ನಿನ್ನ ಮೇಲೆ, ಸದಾಶಿವಗಡ ಅಂದ್ರೆ ಅಮ್ಮನ ಬೇಜಾರೂ ನಿನ್ನ ಮೇಲೇ, ಅವ್ರು ಮಾತ್ರ ಎರಡೂ ಕಡೆ ಒಳ್ಳೆಯವರಾಗಿ ಉಳೀತಾರೆ. ಅವ್ರು ಬೇಕು ಅಂತ ಹಾಗೆ ಮಾಡ್ತಾ ಇದ್ದಾರೆ ಅಂತ ನಾನು ಹೇಳೋದಿಲ್ಲ, ನಮ್ಮ ಗಂಡು ಮಕ್ಕಳಿಗೆ ಇದು ಹೊಳೆಯೋದೇ ಇಲ್ಲ, ಹೇಳಿದ್ರೆ ಅರ್ಥ ಆಗ್ತದೆ. ಇವತ್ತು ರಾತ್ರಿನೇ ಕೂತು ಇಬ್ಬರೂ ಸೇರಿ ತೀರ್ಮಾನ ಮಾಡಿ, ಆಮೇಲೆ ಅವರ ಅಮ್ಮನಿಗೆ ಅವ್ರೇ ಹೇಳ್ಲಿ, ನಿನ್ನ ಅಮ್ಮನಿಗೆ ನೀನು ಹೇಳು. ಹೇಳುವಾಗ "ನಾವು ಹೀಗೆ ಅಂದ್ಕೊಂಡಿದ್ದೀವಿ" ಅಂತ ಹೇಳಿ, "ಅವ್ಳು ಹೇಳಿದ್ಳು" "ಅವ್ರು ಹೇಳಿದ್ರು" ಅನ್ನೋದು ಬೇಡ.

ಇನ್ನು ತೀರ್ಮಾನ ಎಂತದು ಅಂತ. ನೋಡು, ಎರಡೂ ಮನೆಯವರು ಜಗಳ ಆಡ್ತಾ ಇರೋದು ಒಂದೇ ಒಂದು ರಾತ್ರಿಗಾಗಿ, ಆದ್ರೆ ಚರ್ಚ್ ಕ್ಯಾಲೆಂಡರ್ ಪ್ರಕಾರ ಕ್ರಿಸ್‌ಮಸ್ ಒಂದು ರಾತ್ರಿಯ ಹಬ್ಬ ಅಲ್ವೇ ಅಲ್ಲ. 24ರ ಸಂಜೆಯ ಪೂಜೆ ಬೇರೆ, ನಡುರಾತ್ರಿಯದ್ದು ಬೇರೆ, 25ರ ನಸುಕಿನದ್ದು ಬೇರೆ, ಹಗಲಿನದ್ದು ಬೇರೆ, ನಾಲ್ಕಕ್ಕೂ ಬೇರೆ ಬೇರೆ ವಾಚನ ಪ್ರಾರ್ಥನೆ ಇದೆ. 25ರಿಂದ ಎಂಟು ದಿನ ಪೂರ್ತಿ ಹಬ್ಬದ ಲೆಕ್ಕವೇ, ಆ ಎಂಟು ದಿನದೊಳಗೆ ಬರೋ ಭಾನುವಾರ ಪವಿತ್ರ ಕುಟುಂಬದ ಹಬ್ಬ, ಆಮೇಲೆ ಜನವರಿ 6 ಅಥವಾ ಅದರ ಹತ್ತಿರದ ಭಾನುವಾರ ಬಾಲ ಯೇಸುವನ್ನ ನೋಡೋಕೆ ಬಂದ ಮೂವರು ರಾಯರ ಹಬ್ಬ. ಇಷ್ಟು ದಿನ ಇರೋವಾಗ ಒಂದು ರಾತ್ರಿಗೆ ಯಾಕೆ ಎಳೆದಾಟ?

ನಾನಾದ್ರೆ ಹೀಗೆ ಹೇಳ್ತೀನಿ. ಈ ವರ್ಷ 24ರ ರಾತ್ರಿ ಸದಾಶಿವಗಡದಲ್ಲಿ ಇರು, ಯಾಕಂದ್ರೆ ನೀನು ಆ ಚರ್ಚಿಗೆ, ಆ ವಾಡೆಗೆ ಹೊಸಬಳು, ಅಲ್ಲಿಯವರಿಗೆ ನಿನ್ನ ಮುಖ ಪರಿಚಯ ಆಗೋದೂ ಮುಖ್ಯ. 25ಕ್ಕೆ ಮಧ್ಯಾಹ್ನ ಊಟ ಅತ್ತೆ ಜೊತೆ ಮಾಡಿ ಆಮೇಲೆ ಹೊನ್ನಾವರಕ್ಕೆ ಹೊರಡಿ. ಸುಮಾರು 90 ಕಿಲೋಮೀಟರ್ ದಾರಿ, ಕತ್ತಲಾಗೋದ್ರೊಳಗೆ ಮುಟ್ತೀರಿ. ಅಲ್ಲಿ ಕಾಟಾಚಾರಕ್ಕೆ ಮುಖ ತೋರಿಸಿ ಬರ್ಬೇಡಿ, ಪವಿತ್ರ ಕುಟುಂಬದ ಭಾನುವಾರದವರೆಗೂ ಇದ್ದು, ಅಪ್ಪ ಅಮ್ಮನ ಜೊತೆ ಆ ಪೂಜೆಗೆ ನಿಮ್ಮ ಗಂಡ ಹೆಂಡ್ತಿ ಇಬ್ಬರೂ ಹೋಗಿ. ಮುಂದಿನ ವರ್ಷ ತಿರುಗಿಸಿ, 24 ಹೊನ್ನಾವರದಲ್ಲಿ. ಅದನ್ನ ಈಗ್ಲೇ ಎರಡೂ ಮನೆಗೆ ಹೇಳಿ ಬಿಡಿ, ಮುಂದಿನ ವರ್ಷ ನೋಡೋಣ ಅಂತ ತೇಲಿಸಿದ್ರೆ ಆ ಮುಂದಿನ ವರ್ಷ ಬರೋದೇ ಇಲ್ಲ. ಒಂದು ಮಾತ್ರ ಮಾಡ್ಬೇಡಿ, ನಡುರಾತ್ರಿ ಪೂಜೆ ಮುಗಿಸಿ ಎರಡೂ ಕಡೆ ಸಮಾಧಾನ ಮಾಡ್ತೀವಿ ಅಂತ ಬೈಕ್ ಹತ್ತಿ ಹೈವೇ ಹಿಡಿಯೋದು. ಹಬ್ಬದ ರಾತ್ರಿ ಎನ್‌ಎಚ್ 66ರಲ್ಲಿ ಕುಡಿದು ಓಡಿಸೋರು ಎಷ್ಟು ಜನ ಇರ್ತಾರೆ ಅಂತ ಕರಾವಳಿಯವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಅಮ್ಮನ ಅಳು ಇದೆಯಲ್ಲ, ಅದಕ್ಕೆ ನಂಗೊಂದು ತೋಚ್ತದೆ. ಅವರಿಗೆ ಪೂಜೆಗಿಂತ ಹೆಚ್ಚು ಕಾಡ್ತಾ ಇರೋದು ಕುಸ್ವಾರ್, ಅಂದ್ರೆ ಹಬ್ಬದ ತಿಂಡಿಗಳನ್ನ, ಮಾಡುವಾಗ ಎದುರಿಗೆ ನೀನು ಇರೋದಿಲ್ಲ ಅನ್ನೋದು. ಹಬ್ಬದ ಹಿಂದಿನ ವಾರ ರಾತ್ರಿ ಊಟ ಆದ ಮೇಲೆ ಮನೆಯವ್ರೆಲ್ಲ ಮೇಜಿನ ಸುತ್ತ ಕೂತು ಹೊಸ ಬಾಚಣಿಗೆ, ಫೋರ್ಕ್ ಮೇಲೆ ಹಿಟ್ಟಿನ ಗೋಲಿ ಒತ್ತಿ ಸುರುಳಿ ಮಾಡಿ ಕಿಡಿಯೊ ರಾಶಿ ಹಾಕೋದು, ಒಬ್ಬರು ನೆವ್ರಿ ಕತ್ತರಿಸಿದ್ರೆ ಇನ್ನೊಬ್ಬರು ಎಣ್ಣೆ ಮುಂದೆ, ಮಧ್ಯ ಊರಿನ ಸುದ್ದಿ, ಅತ್ತೆ ಮಾವಂದಿರ ಹಳೇ ಕತೆ. ಹಬ್ಬದ ಅರ್ಧ ಖುಷಿ ಅಲ್ಲೇ ಇರೋದು. ಹಾಗಾಗಿ ಆಗಮನದ ಮೂರನೇ ಭಾನುವಾರದ ಹೊತ್ತಿಗೆ ಎರಡು ದಿನ ರಜೆ ಹಾಕಿ ಹೊನ್ನಾವರಕ್ಕೆ ಹೋಗಿ ಅಮ್ಮನ ಜೊತೆ ಕುಸ್ವಾರ್ ಮಾಡಿ ಬಾ. ಬರುವಾಗ ಒಂದು ಡಬ್ಬ ಅತ್ತೆಗೆ ತಗೊಂಡು ಬಾ. 24ರ ರಾತ್ರಿ ನೀನಿಲ್ಲ ಅನ್ನೋ ಭಾರ ಅಮ್ಮನಿಗೆ ಅರ್ಧ ಇಳೀತದೆ.

ಅಕ್ಕ, ನಾನು ಶಿರಸಿ ಕಡೆ ಹವ್ಯಕರ ಹುಡುಗಿ, ಗಂಡ ಕಾರವಾರದ ಕ್ಯಾಥೊಲಿಕ್. ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ರಿಜಿಸ್ಟರ್ ಮದುವೆ, ಇಬ್ಬರೂ ಧರ್ಮ ಬದಲಾಯಿಸಿಲ್ಲ, ಆ ಯೋಚನೆನೂ ಇಲ್ಲ. ಗಂಡನ ಮನೆಯವರು ಒಳ್ಳೆಯವರು, ಕ್ರಿಸ್‌ಮಸ್‌ಗೆ ಚರ್ಚಿಗೆ ಬಾ ಅಂತ ಪ್ರೀತಿಯಿಂದ ಕರೀತಿದ್ದಾರೆ, ನಂಗೂ ಆಸೆ ಇದೆ ಆದ್ರೆ ಅಲ್ಲಿ ಎಂತ ಮಾಡ್ಬೇಕು ಎಂತ ಮಾಡ್ಬಾರ್ದು ಒಂದೂ ಗೊತ್ತಿಲ್ಲ. ಊಟದ್ದು ಇನ್ನೊಂದು ಟೆನ್ಶನ್, ನಾನು ಮೊಟ್ಟೆನೂ ತಿನ್ನೋದಿಲ್ಲ. ಆಯಿ ಮಾತ್ರ ಫೋನ್ ಎತ್ತುತ್ತಾಳೆ, ಅಪ್ಪ ಇನ್ನೂ ಮಾತಾಡ್ತಿಲ್ಲ. ಹಬ್ಬದ ದಿನ ಮನೆಗೆ ಫೋನ್ ಮಾಡ್ಲಾ ಬೇಡ್ವಾ?
– ಹೆಸರು ಬೇಡ, ಕಾರವಾರ

ನಿನ್ನ ಪತ್ರ ಓದಿ ನಂಗೆ ತುಂಬಾ ಹೊತ್ತು ಬೇರೆ ಪತ್ರ ತೆಗೀಲಿಕ್ಕೆ ಮನಸ್ಸಾಗ್ಲಿಲ್ಲ ತಂಗಿ. ನಿನ್ನಲ್ಲಿ ಹೆದರಿಕೆನೂ ಇದೆ, ಗೌರವನೂ ಇದೆ, ಎರಡೂ ಇರೋರು ಯಾವ ಮನೇಲೂ ಕೆಟ್ಟವರಾಗೋದಿಲ್ಲ, ಹಾಗಾಗಿ ಧೈರ್ಯ ತಗೋ.

ಚರ್ಚಿಂದು ಮೊದಲು. ಪೂಜೆಗೆ ಯಾರು ಬೇಕಾದ್ರೂ ಹೋಗಬಹುದು, ಯಾರೂ ಜಾತಿ ಧರ್ಮ ಕೇಳೋದಿಲ್ಲ. ನಮ್ಮ ಜಿಲ್ಲೆಯಲ್ಲಿ ಕ್ರಿಸ್‌ಮಸ್ ರಾತ್ರಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ನೋಡ್ಲಿಕ್ಕೆ ಅಂತಲೇ ಬೇರೆ ಧರ್ಮದವರು ಮಕ್ಕಳನ್ನ ಕರ್ಕೊಂಡು ಬರ್ತಾರೆ. ಸೀರೆನೋ ಚೂಡಿದಾರೋ ನಿಂಗೆ ಯಾವುದು ಹಿತವೋ ಅದು. ಕುಂಕುಮ ಇಟ್ಕೊಳ್ಳೋದು ನಿನ್ನ ಅಭ್ಯಾಸ ಆದ್ರೆ ಇಟ್ಕೊಂಡೇ ಹೋಗು, ಅದನ್ನ ಒರೆಸಿಕೋ ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ. ಎಲ್ಲರೂ ಎದ್ದು ನಿಂತಾಗ ನಿಲ್ಲು, ಕೂತಾಗ ಕೂರು. ಮೊಣಕಾಲೂರುವಾಗ ಊರ್ಬೇಕು ಅನ್ನಿಸಿದ್ರೆ ಊರು, ಇಲ್ಲಾಂದ್ರೆ ಸುಮ್ನೆ ಕೂತ್ಕೋ, ತಪ್ಪೇನಿಲ್ಲ. ನಡುವೆ ಒಂದು ಹೊತ್ತಲ್ಲಿ ಎಲ್ಲರೂ ಅಕ್ಕಪಕ್ಕದವರ ಕಡೆ ತಿರುಗಿ ಕೈ ಮುಗೀತಾರೆ, ಒಬ್ಬರಿಗೊಬ್ಬರು ಶಾಂತಿ ಕೋರೋದು ಅದು, ನೀನೂ ಮುಗಿ, ನಿಂಗೆ ಗೊತ್ತಿರೋ ನಮಸ್ಕಾರವೇ.

ಒಂದು ವಿಷಯ ಮಾತ್ರ ಸರಿಯಾಗಿ ತಿಳ್ಕೊಂಡಿರು. ಪರಮ ಪ್ರಸಾದ ಅಂತ ಸಾಲಾಗಿ ಹೋಗಿ ತಗೊಳ್ತಾರಲ್ಲ, ಅದನ್ನ ನೀನು ತಗೊಳ್ಳೋ ಹಾಗಿಲ್ಲ. ದೇವಸ್ಥಾನದ ಪ್ರಸಾದದ ಹಾಗೆ ಬಂದವರಿಗೆಲ್ಲ ಕೊಡೋದಲ್ಲ ಅದು, ಕ್ಯಾಥೊಲಿಕ್ ನಂಬಿಕೆಯಲ್ಲಿ ಅದು ಸಾಕ್ಷಾತ್ ಯೇಸುವಿನ ದೇಹ, ದೀಕ್ಷಾಸ್ನಾನ ಆಗಿ ಅದಕ್ಕೆ ತಯಾರಾದವರು ಮಾತ್ರ ಸ್ವೀಕರಿಸ್ತಾರೆ. ಎಲ್ಲರೂ ಏಳ್ತಿದ್ದಾರೆ ನಾನೂ ಹೋಗ್ಬೇಕೇನೋ ಅಂತ ಸಾಲಲ್ಲಿ ನಿಂತ್ಬಿಟ್ರೆ ಅಲ್ಲಿ ಫಾದರ್‌ಗೂ ಕಷ್ಟ ನಿಂಗೂ ಮುಜುಗರ. ಆ ಹೊತ್ತಲ್ಲಿ ಕೂತಲ್ಲೇ ಕೂತಿರು, ಬೆಂಚಿನಿಂದ ಹೊರಗೆ ಹೋಗೋರಿಗೆ ಕಾಲು ಸರಿಸಿ ದಾರಿ ಬಿಟ್ರೆ ಸಾಕು. ಈ ವಿಷಯ ಮನೆ ಹಿರಿಯರಿಗೆಲ್ಲ ನಿನ್ನ ಗಂಡ ಮೊದ್ಲೇ ಹೇಳಿಟ್ಟಿರ್ಲಿ, ಯಾರಾದ್ರೂ ಅಜ್ಜಿ ಪ್ರೀತಿಯಿಂದ "ಬಾ ಮಗಾ" ಅಂತ ಕೈ ಹಿಡಿದು ಎಬ್ಬಿಸೋ ಹಾಗಾಗ್ಬಾರ್ದು.

ಊಟಕ್ಕೆ ಬರೋಣ. ನಿನ್ನ ಅತ್ತೆಗೇ ಮರೆತಿರಬಹುದಾದ ಒಂದು ಸಂಗತಿ ಇದೆ, ಹಿಂದಿನ ಕಾಲದಲ್ಲಿ ಡಿಸೆಂಬರ್ 24 ಅಂದ್ರೆ ಚರ್ಚಿನ ನಿಯಮದಲ್ಲಿ ಉಪವಾಸದ ದಿನ, ಮಾಂಸ ಮುಟ್ತಿರ್ಲಿಲ್ಲ. 1960ರ ದಶಕದಲ್ಲಿ ನಿಯಮ ಸಡಿಲ ಆದ ಮೇಲೆ ಅದು ಹೋಯ್ತು. ಹಾಗಾಗಿ 24ರ ರಾತ್ರಿ ಮನೆಯವ್ರೆಲ್ಲ ನಿನ್ನ ಜೊತೆ ಸಸ್ಯಾಹಾರ ಮಾಡಿದ್ರೆ ಅದು ಅವರ ಪಾಲಿಗೆ ಹೊಸ ಪದ್ಧತಿ ಅಲ್ಲ, ಹಳೇದೇ. ಗಂಡನ ಹತ್ರ ಹೇಳಿಸು, ಒಪ್ತಾರೆ ಅಂತ ನನ್ನ ನಂಬಿಕೆ. ಆ ರಾತ್ರಿಯ ಅಡುಗೆ ನೀನೇ ಮಾಡು, ಅಪ್ಪೆಹುಳಿ, ಒಂದು ತಂಬುಳಿ, ಬಿಸಿ ಅನ್ನ. ಮಾವಿನಕಾಯಿ ಸಿಗೋ ಕಾಲ ಅಲ್ಲ, ನಿನ್ನ ತವರಲ್ಲಿ ಉಪ್ಪಲ್ಲಿ ಹಾಕಿಟ್ಟ ಅಪ್ಪೆಮಿಡಿ ಇದ್ದೇ ಇರ್ತದೆ, ಅದರಲ್ಲೂ ಹುಳಿ ಆಗ್ತದೆ.

25ಕ್ಕೆ ಮಾತ್ರ ಮಾಂಸ ಇದ್ದೇ ಇರ್ತದೆ, ಅದನ್ನ ಬೇಡ ಅನ್ನೋದು ನ್ಯಾಯ ಅಲ್ಲ. ನಿಂಗೆ ಒಂದು ಬೇರೆ ಬಾಣಲೆ, ಬೇರೆ ಸೌಟು ಅಂತ ಮೊದ್ಲೇ ಮಾಡ್ಕೊಂಡಿದ್ರೆ ಯಾರಿಗೂ ಆ ದಿನ ಗಡಿಬಿಡಿ ಇಲ್ಲ. ಕುಸ್ವಾರ್‌ನಲ್ಲಿ ನೆವ್ರಿ ಅಂದ್ರೆ ನಿಮ್ಮ ಕರ್ಜಿಕಾಯಿಯೇ, ಚಕ್ಲಿ ಚಕ್ಲಿಯೇ, ತುಕ್ಡಿ ಶಂಕರಪೋಳೆ ತರಾನೇ. ರೋಸ್ ಕುಕ್ಕಿಗೆ ಮಾತ್ರ ಮೊಟ್ಟೆ ಹಾಕ್ತಾರೆ, ಕಿಡಿಯೊಗೆ ಕೆಲವರು ಹಾಕ್ತಾರೆ ಕೆಲವರು ಇಲ್ಲ, ಕೇಕಿಗೆ ಹೇಗೂ ಇರ್ತದೆ. ಸಾನ್ನಾಂ ನೋಡೋಕೆ ಇಡ್ಲಿ ಹಾಗೇ ಇರ್ತದೆ, ಆದ್ರೆ ಹಿಟ್ಟು ಹುಳಿ ಬರ್ಲಿಕ್ಕೆ ಹಳೇ ಪದ್ಧತಿಯಲ್ಲಿ ಶೇಂದಿ ಹಾಕ್ತಾರೆ, ಈಗ ಈಸ್ಟ್ ಹಾಕೋರೂ ಇದ್ದಾರೆ. ನಿಂಗೆ ಶೇಂದಿ ನಡೆಯೋದಿಲ್ಲ ಅಂದ್ರೆ ಕೇಳಿ ತಿನ್ನು, ತಿಂದಾದ ಮೇಲೆ ಗೊತ್ತಾಗಿ ಸಂಕಟ ಪಡೋದಕ್ಕಿಂತ ಮೊದ್ಲು ಕೇಳೋದೇ ಮರ್ಯಾದೆ. ಹಾಗೇ ಬರುವಾಗ ಶಿರಸಿಯಿಂದ ತೊಡೆದೇವು ತರಿಸು, ಕುಸ್ವಾರ್ ತಟ್ಟೆಯಲ್ಲಿ ನಿನ್ನ ಊರಿನದ್ದೂ ಒಂದು ಇರ್ಲಿ. ನೆರೆಮನೆಗೆ ಹಂಚೋ ತಟ್ಟೆಯಲ್ಲಿ ಅದು ಹೋದ್ರೆ ಹೊಸ ಸೊಸೆ ಎಲ್ಲಿಯವಳು ಅನ್ನೋದಕ್ಕೆ ಬೇರೆ ಉತ್ತರ ಬೇಡ. ಬರೋ ನೆಂಟರಲ್ಲಿ ಯಾರಾದ್ರೂ "ಕನ್ವರ್ಟ್ ಆದ್ಯಾ" ಅಂತ ಕೇಳ್ತಾರೆ, ಕೇಳೇ ಕೇಳ್ತಾರೆ, ಅದಕ್ಕೆ ಉತ್ತರ ಕೊಡೋ ಕೆಲಸ ನಿಂದಲ್ಲ, ನಿನ್ನ ಗಂಡನದ್ದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿ ಮಾತು ಬೇರೆ ಕಡೆ ತಿರುಗಿಸ್ಲಿ.

ಫೋನ್ ಮಾಡ್ಲಾ ಅಂತ ಕೇಳಿದ್ದೀಯ. ಮಾಡು, ಖಂಡಿತ ಮಾಡು, ಆದ್ರೆ ಹ್ಯಾಪಿ ಕ್ರಿಸ್‌ಮಸ್ ಅನ್ನಿಸಿಕೊಳ್ಳೋಕೆ ಮಾಡ್ಬೇಡ, ಚರ್ಚಿನ ಫೋಟೋ ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಡ. ಆಯಿ ಹತ್ರ ಎಂದಿನಂತೆ ಮಾತಾಡು, ಅಡಿಕೆ ಕೊಯ್ಲು ಎಲ್ಲಿಗೆ ಬಂತು, ಅಪ್ಪನ ಮಂಡಿನೋವು ಹ್ಯಾಂಗಿದ್ದು ಅಂತ ಕೇಳು. ನೀನು ಅಪ್ಪೆಹುಳಿ ಮಾಡಿದ್ದು, ಕಾರವಾರದ ಅಷ್ಟು ಜನ ಅದನ್ನ ಎರಡೆರಡು ಸಲ ಬಡಿಸಿಕೊಂಡಿದ್ದು ಹೇಳು. ಆಯಿ ಅದನ್ನ ಅಪ್ಪನಿಗೆ ಹೇಳದೆ ಇರೋದಿಲ್ಲ. ಜನವರಿಯಲ್ಲಿ ಸಂಕ್ರಾಂತಿಗೆ ನಾವಿಬ್ಬರೂ ಬರ್ಲಾ ಅಂತ ಮಾತ್ರ ಕೇಳಿಡು. ಈ ಸಲ ಬೇಡ ಅಂದ್ರೂ ಮತ್ತೆ ಕೇಳು, ಕೇಳೋದು ಬಿಡ್ಬೇಡ.

ನಾನು ಅಂಕೋಲಾದವ, ಬೆಂಗಳೂರಲ್ಲಿ ಕೆಲಸ, ಮೇನಲ್ಲಿ ಮದುವೆ ಆಯ್ತು. ಮದುವೆ ಸಾಲ ಇನ್ನೂ ತೀರ್ತಿಲ್ಲ. ಫ್ರೆಂಡ್ಸ್ ಎಲ್ಲ ಹೆಂಡತಿಯನ್ನ ಕರ್ಕೊಂಡು ನ್ಯೂ ಇಯರ್‌ಗೆ ಗೋವಾಕ್ಕೆ ಬಾ ಅಂತ ಹಠ, ಊರಲ್ಲಿ ಎಲ್ಲರಿಗೂ ಬಟ್ಟೆ ಗಿಫ್ಟ್ ಕೊಡ್ಬೇಕು ಅಂತ ತಂಗಿಯರು ಲಿಸ್ಟ್ ಕಳ್ಸಿದ್ದಾರೆ, ಹೆಂಡ್ತಿಗೆ ಬರೀ ಮನೇಲಿ ಇದ್ರೆ ಸಾಕು. ಯಾರಿಗೆ ಇಲ್ಲ ಅನ್ಲಿ?
– ಬೆಂಗಳೂರಿನಿಂದ

ತಮ್ಮಾ, ಹೆಂಡ್ತಿ ಮನೆ ಸಾಕು ಅಂತಿದ್ದಾಳೆ ಅಂದ್ರೆ ನಿನ್ನ ಅರ್ಧ ಕಷ್ಟ ಪರಿಹಾರ ಆಗಿದೆ, ಅವಳ ಮಾತು ಕೇಳು. ಸಾಲದ ವಿಷಯ ಅವಳಿಗೆ ಪೂರ್ತಿ ಗೊತ್ತಿದೆಯಾ? ಇಲ್ಲ ಅಂದ್ರೆ ಈ ಹಬ್ಬಕ್ಕೆ ಮೊದ್ಲೇ ಹೇಳು, ಎಷ್ಟು, ಯಾರ ಹತ್ರ, ತಿಂಗಳಿಗೆ ಎಷ್ಟು ಹೋಗ್ತದೆ, ಎಲ್ಲ. ಆಮೇಲೆ ಇಬ್ಬರೂ ಸೇರಿ ಹಬ್ಬಕ್ಕೆ ಇಷ್ಟೇ ಅಂತ ಒಂದು ಮೊತ್ತ ಇಡಿ, ಅದರಲ್ಲಿ ಎರಡೂ ಅಮ್ಮಂದಿರಿಗೆ ಸೀರೆ, ಮನೆಯ ಚಿಕ್ಕ ಮಕ್ಕಳಿಗೆ ಬಟ್ಟೆ. ದುಡಿಯೋ ತಂಗಿಯರಿಗೆ ಈ ಸಲ ಆಗೋದಿಲ್ಲ ಅಂತ ನೀನೇ ಫೋನ್ ಮಾಡಿ ಹೇಳು, ಅತ್ತಿಗೆ ಬಂದ ಮೇಲೆ ಅಣ್ಣ ಕೈ ಬಿಗಿ ಮಾಡಿದ ಅನ್ನೋ ಮಾತು ಅವಳ ಮೇಲೆ ಬರೋ ಮೊದ್ಲೇ.

ಊರಿಗೆ ಬರೋ ಟಿಕೆಟ್ ಮಾಡಿದ್ಯಾ? ರೈಲಿನ ಅಡ್ವಾನ್ಸ್ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿಸಿದ್ದಾರೆ, ಪಂಚಗಂಗಾ ರೈಲಲ್ಲಿ ಹಬ್ಬದ ವಾರದ ಸೀಟು ಓಪನ್ ಆದ ಕೂಡ್ಲೇ ಹೋಗ್ತದೆ. ಸಿಗಲಿಲ್ಲ ಅಂದ್ರೆ ಹಿಂದಿನ ದಿನ ತತ್ಕಾಲ್ ನೋಡು, ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11. ಖಾಸಗಿ ಬಸ್ಸಿಗೆ ಆ ವಾರ ಕೊಡೋ ದುಡ್ಡಲ್ಲಿ ಮನೆಮಂದಿಗೆಲ್ಲ ಇಸವಣ್ ಮೀನಿನ ಊಟ ಹಾಕಿಸಬಹುದು.

ಗೋವಾ ಬಗ್ಗೆ ನಂಗೆ ಒಂದು ಖಚಿತ ಅಭಿಪ್ರಾಯ ಇದೆ. 31ಕ್ಕೆ ಹೋಗ್ಬೇಡಿ. ರೂಮಿಗೆ ಕೇಳಿದಷ್ಟು ಕೊಡ್ಬೇಕು, ರಸ್ತೇಲೇ ಅರ್ಧ ದಿನ, ಹೊಸ ಹೆಂಡತಿ ಗಂಡನ ಫ್ರೆಂಡ್ಸ್ ಕುಡಿಯೋದನ್ನ ನೋಡ್ತಾ ಕೂರ್ಬೇಕು. ಹೋಗ್ಲೇಬೇಕು ಅಂದ್ರೆ ರಜೆ ಇಟ್ಕೊಂಡು ಜನವರಿ 6ಕ್ಕೆ ಹೋಗಿ, ಮೂವರು ರಾಯರ ಹಬ್ಬಕ್ಕೆ. ಕಾನ್ಸಾವ್ಲಿಯಲ್ಲಿ ಮೂರು ಊರಿನ ಮೂರು ಹುಡುಗರು ಕಿರೀಟ ಇಟ್ಕೊಂಡು ಕುದುರೆ ಮೇಲೆ ಗುಡ್ಡದ ಚಾಪೆಲ್‌ಗೆ ಹೋಗ್ತಾರೆ, ಚಾಂದೋರ್‌ನಲ್ಲೂ ರೇಯಿಸ್ ಮಾಗೋಸ್‌ನಲ್ಲೂ ಆ ಹಬ್ಬ ಇದೆ. ಅಂಕೋಲಾದಿಂದ ಬೆಳಿಗ್ಗೆ ಬೇಗ ಹೊರಟ್ರೆ ಕಾನ್ಸಾವ್ಲಿ ನೋಡಿ ರಾತ್ರಿ ಮನೆ ಸೇರಬಹುದು. ಫ್ರೆಂಡ್ಸನ್ನ 26ಕ್ಕೋ 27ಕ್ಕೋ ಮನೆಗೇ ಊಟಕ್ಕೆ ಕರಿ, ಹೆಂಡ್ತಿಗೂ ಅವರ ಪರಿಚಯ ಅಲ್ಲೇ ಚೆನ್ನಾಗಿ ಆಗ್ತದೆ. ಆ ಊಟಕ್ಕೆ ಅಂತ ಗೋವಾದಿಂದ ಬಾಟಲಿ ತರಿಸೋ ಐಡಿಯಾ ಯಾರಾದ್ರೂ ಕೊಟ್ರೆ ಬೇಡ ಅನ್ನು, ಪರ್ಮಿಟ್ ಇಲ್ಲದೆ ಅಲ್ಲಿನ ಮದ್ಯ ಈಚೆ ತರೋದು ಅಪರಾಧ, ಹಬ್ಬದ ಸೀಸನ್‌ನಲ್ಲಿ ಮಾಜಾಳಿ ಚೆಕ್‌ಪೋಸ್ಟಲ್ಲಿ ಗಾಡಿ ಸಮೇತ ಸಿಕ್ಕಿಬಿದ್ರೆ ಹೊಸ ವರ್ಷ ಕೋರ್ಟ್ ಅಲೆದಾಟದಲ್ಲೇ ಶುರು.

ನಾನು ಅತ್ತೆ. ಸೊಸೆ ಮಂಗಳೂರಿನವಳು. ನಾನು ವರ್ಷಗಳಿಂದ ಮಾಡ್ಕೊಂಡು ಬಂದ ದೋದೋಲ್, ನೆವ್ರಿ ಎಲ್ಲ ಕಲಿಸ್ಬೇಕು ಅಂತ ಕಾಯ್ತಿದ್ದೆ, ಅವಳು ಈ ಸಲ ಕೇಕ್ ಮತ್ತೆ ಸಿಹಿ ಎಲ್ಲ ನಮ್ಮ ಕಡೆಯ ಹಾಗೆ ಮಾಡ್ತೀನಿ ಅಂತಾಳೆ. ನಂಗೆ ಬೇಜಾರಾಗಿದೆ, ಯಾರ ಹತ್ರನೂ ಹೇಳಿಲ್ಲ.
– ಕುಮಟಾ

ಅಮ್ಮಾ, ನಿಮ್ಮ ಬೇಜಾರು ಸಣ್ಣದಲ್ಲ. ಆದ್ರೆ ಸೊಸೆ ನಿಮ್ಮ ಅಡುಗೆಮನೆಗೆ ಬಂದು ನಾನು ಮಾಡ್ತೀನಿ ಅಂತಿದ್ದಾಳಲ್ಲ, ಬೇಕರಿಯಿಂದ ಬಾಕ್ಸ್ ತರೋಣ ಅಂದಿಲ್ಲ, ಅದನ್ನ ನೋಡಿ. ಕೇಕ್ ಅವಳಿಗೆ ಬಿಡಿ. ದೋದೋಲ್ ನಿಮ್ಮದು, ಅಕ್ಕಿ ಹಿಟ್ಟು, ಬೆಲ್ಲ, ತೆಂಗಿನ ಹಾಲು ತಳ ಹಿಡಿಯದ ಹಾಗೆ ಗಂಟೆಗಟ್ಟಲೆ ತಿರುವೋದು ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ, ಸೌಟು ಹಿಡಿಯೋಕೆ ಅವಳನ್ನ ಕರೀರಿ. ಕಲಿಸ್ತೀನಿ ಅನ್ಬೇಡಿ, ಕೈ ಸೋತಿದೆ ಸ್ವಲ್ಪ ತಿರುವು ಮಗಾ ಅನ್ನಿ. ಬೇಜಾರಾಗಿದ್ದೂ ಹೇಳಿ, ಮಗನ ಮೂಲಕ ಬೇಡ, ಅವಳಿಗೇ ನೇರ.

ಕಾರವಾರದಲ್ಲಿ ಎರಡು ರೂಮಿನ ಬಾಡಿಗೆ ಮನೆ, ನಾವಿಬ್ಬರೇ. ಚಿಕ್ಕದಾಗಿ ಗೋದಲಿ ಮಾಡೋಣ ಅಂತ ಆಸೆ. ಎಲ್ಲಿಂದ ಶುರು ಮಾಡೋದು?
– ಹೊಸ ಜೋಡಿ, ಕೋಡಿಬಾಗ

ಎಷ್ಟು ಒಳ್ಳೆಯ ಆಸೆ! ಗೋದಲಿಯ ಪದ್ಧತಿಗೆ 800 ವರ್ಷ ದಾಟಿದೆ, 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನೋ ಊರಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸ್ ಹುಲ್ಲು, ಎತ್ತು, ಕತ್ತೆ ಇಟ್ಟು ಬೆತ್ಲೆಹೆಮಿನ ಆ ರಾತ್ರಿಯನ್ನ ಜನರ ಕಣ್ಣೆದುರು ತೋರಿಸಿದ್ರು. ನಿಮಗೆ ಬೇಕಾದ್ದು ಒಂದು ಮೂಲೆ, ಒಂದು ಹಣ್ಣಿನ ಪೆಟ್ಟಿಗೆ, ಒಂದಿಷ್ಟು ಹುಲ್ಲು. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ಅಗಲ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿನೋ ಗೋಧಿನೋ ಒತ್ತಾಗಿ ಬಿತ್ತಿ, ದಿನಾ ನೀರು ಚಿಮುಕಿಸಿ, 24ರ ಹೊತ್ತಿಗೆ ಹಸಿರು ಗದ್ದೆ ರೆಡಿ. ಬಾಲ ಯೇಸುವಿನ ಮೂರ್ತಿಯನ್ನ ಮಾತ್ರ ಮೊದ್ಲೇ ಇಡ್ಬೇಡಿ, ರಾತ್ರಿ ಪೂಜೆಯಿಂದ ಬಂದ ಮೇಲೆ ಇಬ್ಬರೂ ಸೇರಿ ಇಡಿ. ಮೂವರು ರಾಯರನ್ನ ದೂರದಲ್ಲಿ ಕಿಟಕಿ ಹತ್ರ ಇಟ್ಟು ದಿನಕ್ಕಿಷ್ಟು ಅಂತ ಮುಂದೆ ಸರಿಸ್ತಾ ಜನವರಿ 6ಕ್ಕೆ ಗೋದಲಿ ಮುಟ್ಟಿಸಿ. ಹುಲ್ಲಿನ ಪಕ್ಕ ಮೇಣದ ಬತ್ತಿ ಹಚ್ಚಿಟ್ಟು ಮಲಗ್ಬೇಡಿ, ಸೀರಿಯಲ್ ಲೈಟಿನ ಪ್ಲಗ್ಗೂ ತೆಗೆದೇ ಮಲಗಿ.

ಅಕ್ಕಾ, ನಮ್ಮಪ್ಪ ಜೂನಲ್ಲಿ ತೀರಿಕೊಂಡ್ರು. ಮದುವೆ ಮೊದ್ಲೇ ಗೊತ್ತಾಗಿತ್ತು, ಅಪ್ಪನದ್ದೇ ಆಸೆ ಅಂತ ನವೆಂಬರ್‌ನಲ್ಲಿ ಸರಳವಾಗಿ ಮಾಡಿದ್ವಿ. ಈಗ ನೆಂಟರು ಸಾವಾದ ಮನೇಲಿ ಒಂದು ವರ್ಷ ಕುಸ್ವಾರ್ ಮಾಡ್ಬಾರ್ದು, ನಕ್ಷತ್ರ ಕಟ್ಬಾರ್ದು ಅಂತಾರೆ. ನನ್ನ ಹೆಂಡ್ತಿಗೆ ಇದು ಮೊದಲ ನತಾಲ್, ಅವಳು ಏನೂ ಕೇಳಿಲ್ಲ, ಅದೇ ನಂಗೆ ಹೆಚ್ಚು ಸಂಕಟ. ಅಮ್ಮ ಒಂದು ಮಾತೂ ಆಡ್ತಿಲ್ಲ.
– ಕಾರವಾರ ತಾಲೂಕಿನ ಓದುಗ

ತಮ್ಮಾ, ಅಪ್ಪ ಇಲ್ಲದ ಮೊದಲ ನತಾಲ್, ಹೆಂಡ್ತಿ ಬಂದ ಮೊದಲ ನತಾಲ್, ಎರಡೂ ಒಟ್ಟಿಗೆ ಬಂದಿದೆ, ನಿನ್ನ ಎದೆಯಲ್ಲಿ ಏನಾಗ್ತಿದೆ ಅಂತ ಊಹೆ ಮಾಡಬಲ್ಲೆ.

ನೆಂಟರು ಹೇಳೋದು ನಮ್ಮ ಕಡೆಯ ರೂಢಿ, ಚರ್ಚಿನ ನಿಯಮ ಅಲ್ಲ. ಸಾವಾದ ಮನೆಯವರು ಕ್ರಿಸ್‌ಮಸ್ ಮಾಡ್ಬಾರ್ದು ಅಂತ ಚರ್ಚ್ ಎಲ್ಲೂ ಹೇಳೋದಿಲ್ಲ, ದುಃಖದಲ್ಲಿರೋ ಮನೆಗೇ ಆ ರಾತ್ರಿಯ ಸಂದೇಶ ಹೆಚ್ಚು ಬೇಕಾದ್ದು. ಆದ್ರೆ ಆ ರೂಢಿ ಸುಮ್ನೆ ಹುಟ್ಟಿದ್ದಲ್ಲ. ಎಣ್ಣೆ ಮುಂದೆ ಕೂತು ಸಿಹಿ ಕರಿಯೋ ಮನಸ್ಸು ಆ ಮನೆ ಹೆಂಗಸಿಗೆ ಇರೋದಿಲ್ಲ, ನೀನು ಮಾಡ್ಬೇಡ ನಾವು ಕೊಡ್ತೀವಿ ಅಂತ ಅಕ್ಕಪಕ್ಕದವರು ತಟ್ಟೆ ಕಳಿಸ್ತಾರೆ. ಅದು ಮನೆಯವರ ಮೇಲಿನ ಕರುಣೆ. ಹಾಗಾಗಿ ಕುಸ್ವಾರ್ ಮಾಡ್ಬೇಕಾ ಬೇಡ್ವಾ ಅನ್ನೋದನ್ನ ನೆಂಟರು ಹೇಳೋದು ಬೇಡ, ನೀನೂ ಹೇಳೋದು ಬೇಡ, ನಿಮ್ಮಮ್ಮ ಹೇಳ್ಲಿ. ಸುಮ್ನಿದ್ದಾರೆ ಅಂದ್ರೆ ಬೇಡ ಅಂತಲೂ ಇರಬಹುದು, ಸೊಸೆಗೆ ಬೇಜಾರಾಗ್ತದೆ ಅಂತ ನುಂಗಿಕೊಂಡಿರಲೂಬಹುದು. ಪಕ್ಕದಲ್ಲಿ ಕೂತು ಕೇಳು. ಕೇಳುವಾಗ ಹೆಂಡ್ತಿಯೂ ಜೊತೇಲಿ ಇರ್ಲಿ, ಅವಳು ಈ ಮನೆಯವಳು, ಅವಳ ಬೆನ್ನ ಹಿಂದೆ ಅವಳ ಖುಷಿಯ ಲೆಕ್ಕ ಹಾಕೋದು ಬೇಡ. ನಂಗೆ ಅನ್ನಿಸೋದು ಹೀಗೆ, ಅಮ್ಮ ಬೇಡ ಅಂದ್ರೆ ಸಿಹಿ ಮಾಡ್ಬೇಡಿ, ನೆರೆಯವರು ಕಳಿಸಿದ್ದು ತಿನ್ನಿ. ನಕ್ಷತ್ರ ಮಾತ್ರ ಒಂದು ಕಟ್ಟಿ, ಪ್ರತಿ ವರ್ಷ ಏಣಿ ಹತ್ತಿ ಕಟ್ತಿದ್ದವರು ಅಪ್ಪನೇ ಆಗಿದ್ರೆ ಈ ಸಲ ಅದೇ ನಕ್ಷತ್ರ ನೀನು ಕಟ್ಟು.

25ಕ್ಕೆ ಪೂಜೆ ಮುಗಿದ ಮೇಲೆ ಮೂವರೂ ಸೇರಿ ಅಪ್ಪನ ಸಮಾಧಿಗೆ ಹೋಗಿ ಬನ್ನಿ, ಹೂವು, ಮೇಣದ ಬತ್ತಿ ತಗೊಂಡು. ಹೆಂಡ್ತಿ ಮಾವನನ್ನ ಎಷ್ಟು ನೋಡಿದ್ದಳೋ ಗೊತ್ತಿಲ್ಲ, ಅಲ್ಲಿಂದ ಬಂದು ಊಟಕ್ಕೆ ಕೂತಾಗ ಅಪ್ಪನ ಬಗ್ಗೆ ಅವಳಿಗೆ ಹೇಳಿ, ಅಮ್ಮನೂ ಹೇಳ್ಲಿ, ಅಳು ಬಂದ್ರೆ ಅಳ್ಲಿ. ಅವಳ ತವರಿಗೆ ಹಬ್ಬದ ಎಂಟು ದಿನದೊಳಗೆ ಯಾವಾಗಾದ್ರೂ ಕರ್ಕೊಂಡು ಹೋಗು, ಅಲ್ಲಿ ಅವಳು ನಕ್ಕು ಹಾಡಿ ಸಂಭ್ರಮ ಪಡ್ಲಿ, ಅದರಿಂದ ಅಪ್ಪನಿಗೆ ಅಗೌರವ ಆಗೋದಿಲ್ಲ. ಅಮ್ಮ ಆವತ್ತು ಮನೇಲಿ ಒಬ್ಬರೇ ಉಳೀಬಾರ್ದು, ಅಕ್ಕನೋ ಚಿಕ್ಕಮ್ಮನೋ ಬಂದಿರೋ ಹಾಗೆ ಈಗ್ಲೇ ಹೇಳಿಡು. ಮತ್ತೆ ಈ ವಾರದಲ್ಲೇ ಚರ್ಚ್ ಆಫೀಸಿಗೆ ಹೋಗಿ 25ರ ಬೆಳಗಿನ ಪೂಜೆಯಲ್ಲಿ ಅಪ್ಪನ ಹೆಸರಲ್ಲಿ ಪ್ರಾರ್ಥನೆ ಬರೆಸಲಿಕ್ಕೆ ಆಗ್ತದಾ ಅಂತ ಫಾದರ್ ಹತ್ರ ಕೇಳು, ಆ ದಿನದ ಪಟ್ಟಿ ಬೇಗ ತುಂಬ್ತದೆ, 25ಕ್ಕೆ ಆಗ್ಲಿಲ್ಲ ಅಂದ್ರೆ ಪವಿತ್ರ ಕುಟುಂಬದ ಭಾನುವಾರಕ್ಕೆ ಬರೆಸು.